ವಾಕ್ಯಶೋಧನೆಯ ಪ್ರಶ್ನೆ: ಸರಿತಪ್ಪುಗಳ ಒಂದು ಚಾರಿತ್ರಿಕ ವಿವೇಚನೆ

ಇಂಗ್ಲಿಷಿನ ಒಂದು ವಾಕ್ಯವನ್ನು ಮುದ್ರಿಸಿ, ಅದರ ಒಂದು ಭಾಗಕ್ಕೆ ಅಡಿಗೆರೆಯೆಳೆದು, ಕೆಳಗೆ ಮೂರು ನಾಲ್ಕು ಪಾಠಗಳನ್ನು ಕೊಟ್ಟು, ಇವುಗಳಲ್ಲಿ ಸರಿಯಾದುದನ್ನು ಆರಿಸಿರೆಂದು ಕೇಳುವ ಪ್ರಶ್ನೆಯ ಬಗೆಯೊಂದು ನಮ್ಮ ನೇಮಕಾತಿ ಪರೀಕ್ಷೆಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ಪಾಠಭೇದಗಳ ನಡುವೆ ಸರಿಯಾದುದನ್ನು ಆರಿಸುವ ಕೆಲಸ ಚರಿತ್ರೆಯ ವಿದ್ಯಾರ್ಥಿಗೆ ಹೊಸದಲ್ಲ. ಓಲೆಯ ಪ್ರತಿಗಳನ್ನೂ ಶಾಸನದ ಅಚ್ಚುಗಳನ್ನೂ ಮುಂದಿಟ್ಟುಕೊಂಡು ನಾವು ಮಾಡುವುದೂ ಅದನ್ನೇ. ಆದರೆ ನಾವು ಒಂದು ಪಾಠವನ್ನು ಹಿಡಿದು ಇನ್ನೊಂದನ್ನು ಬಿಟ್ಟಾಗ ಕಾರಣವನ್ನು ಹೇಳಬೇಕಾಗುತ್ತದೆ. ಹೇಳದಿದ್ದರೆ ಓದುಗರು ಒಪ್ಪುವುದಿಲ್ಲ. ಪರೀಕ್ಷೆಯ ಪ್ರಶ್ನೆಗೆ ಈ ಕಟ್ಟುಪಾಡಿಲ್ಲ. ಈ ವ್ಯತ್ಯಾಸವನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷ್ ವಿಭಾಗದವರು ಬರೆಯಬೇಕಾದ ವಿಷಯಕ್ಕೆ ಚರಿತ್ರೆಯವನು ಕೈಹಾಕಿದನೆಂದು ಯಾರೂ ಮುನಿಯಬಾರದಾಗಿ ಪ್ರಾರ್ಥನೆ.

ಇದಕ್ಕೆ ಸಂದರ್ಭ ಒದಗಿದ್ದು ಹೀಗೆ. ಯಾದಗಿರಿಯ ಬಳಿಯ ಮುದನಾಳದಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಭಾನುವಾರಗಳಂದು ಏಳೆಂಟು ಮಂದಿ ಪದವೀಧರರು ಕೂಡಿ ಪರೀಕ್ಷೆಗೆ ಓದುತ್ತಾರೆ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಕಲಿತವರು. ಚರಿತ್ರೆಯ ಪಾಠ ಹೇಳಲೆಂದು ಹೋದ ನನ್ನ ಮುಂದೆ ಅವರು ಪ್ರತಿ ವಾರವೂ ತಂದಿಡುತ್ತಿದ್ದುದು ಇಂಗ್ಲಿಷಿನ ಈ ಪ್ರಶ್ನೆಗಳನ್ನು. "ಉತ್ತರ ಬಿ ಅಂತ ಕೊಟ್ಟಾರ್ರಿ ಸರ, ಯಾಕ ಅಂತ ಕೊಟ್ಟಿಲ್ಲ" ಎಂಬುದು ಅವರ ನಿತ್ಯದ ದೂರು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಪದವೀಧರ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳಿದ್ದು, ಅವುಗಳಲ್ಲಿ 25 ಇಂಗ್ಲಿಷಿಗೆ ಸಂಬಂಧಿಸಿದವು. ಸರಿಯಾದ ಉತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕದ ಕಡಿತ. ಸಾವಿರಾರು ಮಂದಿ ಒಂದೇ ಅಂಕದ ಸುತ್ತ ಮುತ್ತಿಕೊಂಡಿರುವಾಗ ಅರ್ಧ ಅಂಕವೆಂಬುದು ಅಲ್ಪವಲ್ಲ. ಒಂದು ಮನೆಗೆ ತಿಂಗಳ ಸಂಬಳ ಬರುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಅದರ ಮೇಲೆಯೇ ನಿಂತಿರುತ್ತದೆ.

ಈ ಪ್ರಶ್ನೆಯ ವಂಶಾವಳಿಯನ್ನು ಮೊದಲು ನೋಡಬೇಕು. ತಪ್ಪು ವಾಕ್ಯವನ್ನು ಬೇಕೆಂದೇ ರಚಿಸಿ ವಿದ್ಯಾರ್ಥಿಯಿಂದ ತಿದ್ದಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಳಕೆಗೆ ಬಂತು. ಆನ್ ಫಿಷರ್ ಎಂಬಾಕೆ 1745ರ ಸುಮಾರಿಗೆ ಪ್ರಕಟಿಸಿದ ವ್ಯಾಕರಣದಲ್ಲಿ ಕೆಟ್ಟ ಇಂಗ್ಲಿಷಿನ ಮಾದರಿಗಳನ್ನು ತಿದ್ದಲು ಕೊಟ್ಟಿದ್ದಾಳೆ. 1762ರಲ್ಲಿ ಬಂದ ರಾಬರ್ಟ್ ಲೌತನ ವ್ಯಾಕರಣ ಇನ್ನೂ ಧೀರವಾದುದು. ಆತ ಅಡಿಟಿಪ್ಪಣಿಗಳಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್, ಸ್ವಿಫ್ಟ್, ಪೋಪ್ ಮೊದಲಾದ ಮಹನೀಯರ ವಾಕ್ಯಗಳನ್ನೇ ದೋಷಕ್ಕೆ ನಿದರ್ಶನವಾಗಿ ತೋರಿಸಿದ. ಲಿಂಡ್ಲಿ ಮರ‍್ರೆ 1795ರಲ್ಲಿ ವ್ಯಾಕರಣವನ್ನೂ 1797ರಲ್ಲಿ ಅದಕ್ಕೆ ಹೊಂದುವ ಅಭ್ಯಾಸಗಳ ಪುಸ್ತಕವನ್ನೂ ಬರೆದ ಮೇಲೆ, ತಪ್ಪು ವಾಕ್ಯಗಳ ಸಾಲುಸಾಲನ್ನು ತಿದ್ದುವುದು ಶಾಲೆಯ ದಿನಚರಿಯೇ ಆಯಿತು. ನಮ್ಮ ದೇಶಕ್ಕೆ ಈ ಸಂಪ್ರದಾಯವನ್ನು ಗಟ್ಟಿಯಾಗಿ ತಂದವನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ನೆಸ್‌ಫೀಲ್ಡ್. ಆಮೇಲೆ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಈ ರೆನ್ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿ ದುಡಿದು, 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯನ್ನು ಬರೆದು ಹೆಸರಾದವನೆಂಬುದು ನಮ್ಮ ಹುಡುಗರಿಗೆ ತಿಳಿಯದು. ಅವರ ಪಾಲಿಗೆ ರೆನ್ ಎಂದರೆ ಒಬ್ಬ ಮನುಷ್ಯನಲ್ಲ, ಒಂದು ದಪ್ಪ ಪುಸ್ತಕ.

ಈ ವಂಶಾವಳಿಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಂದು 'ನಿಯಮ'ವೆಂದು ಪರೀಕ್ಷೆಗೆ ಬರುವ ಮಾತುಗಳಲ್ಲಿ ಕೆಲವು ಮೊದಲು ಒಬ್ಬಿಬ್ಬರ ಅಭಿರುಚಿಯಾಗಿದ್ದವು. ಎಣಿಸಬಹುದಾದುದಕ್ಕೆ 'ಫ್ಯೂಯರ್', ಎಣಿಸಲಾಗದುದಕ್ಕೆ 'ಲೆಸ್' ಎಂಬ ವಿಭಾಗ ನಮ್ಮ ಹುಡುಗರಿಗೆ ಕಂಠಪಾಠವಾಗಿದೆ. ಇದನ್ನು ಮೊದಲು ಎತ್ತಿದವನು 1770ರಲ್ಲಿ ಇಂಗ್ಲಿಷಿನ ಬಳಕೆಯನ್ನು ಕುರಿತು ಪುಸ್ತಕ ಬರೆದ ರಾಬರ್ಟ್ ಬೇಕರ್. ಆತ ಅದನ್ನು ಹೇಳಿದ್ದು ತನಗೆ ಹಾಗೆ ಚೆನ್ನಾಗಿ ತೋರುತ್ತದೆಂಬ ಧಾಟಿಯಲ್ಲಿ, ಅಪ್ಪಣೆಯ ಧಾಟಿಯಲ್ಲಲ್ಲ. ಅದಕ್ಕೆ ಎಷ್ಟೋ ಶತಮಾನಗಳ ಹಿಂದಿನಿಂದ ಇಂಗ್ಲಿಷಿನವರು ಎಣಿಕೆಗೂ 'ಲೆಸ್' ಅನ್ನೇ ಬಳಸುತ್ತಿದ್ದರು. ಅಭಿರುಚಿ ರೂಢಿಯಾಗಿ, ರೂಢಿ ನಿಯಮವಾಗಿ, ನಿಯಮ ಅಂಕವಾಗಲು ಹಿಡಿದ ಕಾಲ ಇನ್ನೂರು ವರ್ಷ.

ಇನ್ನೊಂದು ನಿದರ್ಶನ ನಮ್ಮ ಸುರಪುರಕ್ಕೇ ಸಂಬಂಧಿಸಿದುದು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಭಾರತಕ್ಕೆ ಬಂದು, 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಆತ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದು ಇಂದಿಗೂ ಹೆಸರಾಗಿದೆ. ಆ ಮನೆಯನ್ನು ಕಟ್ಟುತ್ತಿರುವಾಗ ಅವನ ಸಮಕಾಲೀನನೊಬ್ಬ 'ದಿ ಹೌಸ್ ಈಸ್ ಬಿಲ್ಡಿಂಗ್' ಎಂದು ಬರೆದಿದ್ದರೆ ಅಂದಿನ ಶಿಷ್ಟರು ಮೆಚ್ಚುತ್ತಿದ್ದರು. 'ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್' ಎಂದಿದ್ದರೆ ಅದು ಹೊಸಗಾಲದ ಒರಟು ಪ್ರಯೋಗವೆಂದು ಮುಖ ಸಿಂಡರಿಸುವವರಿದ್ದರು. ಈ ಎರಡನೆಯ ರೂಪ ಹದಿನೆಂಟನೆಯ ಶತಮಾನದ ಕೊನೆಗೆ ತಲೆಯೆತ್ತಿ, ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ವೈಯಾಕರಣರ ಬೈಗಳನ್ನು ತಿಂದಿತು. ಇಂದು ಅದೇ 'ಸರಿ'. ಮೊದಲನೆಯದನ್ನು ಗುರುತಿಸಿದವನಿಗೆ ಅರ್ಧ ಅಂಕ ನಷ್ಟ. ಟೇಲರ್ ತಾನೇ ಇಂದು ಈ ಪರೀಕ್ಷೆಗೆ ಕುಳಿತರೆ ಎಷ್ಟು ಅಂಕ ಪಡೆದಾನೆಂದು ನಾನು ಕೆಲವೊಮ್ಮೆ ಯೋಚಿಸುವುದುಂಟು.

'ಎವ್ರಿವನ್' ಎಂಬ ಪದದ ಮುಂದೆ 'ಹಿಸ್' ಬರಬೇಕೋ 'ದೇರ್' ಬರಬೇಕೋ ಎಂಬುದೂ ಇಂಥದೇ ವಿಚಾರ. ಪುಲ್ಲಿಂಗ ಸರ್ವನಾಮವೇ ಎಲ್ಲರಿಗೂ ಸಲ್ಲುತ್ತದೆಂಬ ಮಾತು ಹದಿನೆಂಟನೆಯ ಶತಮಾನದ ವ್ಯಾಕರಣಗಳಲ್ಲಿ ಬೇರೂರಿ, 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಶಾಸನವೊಂದರಲ್ಲಿಯೂ, ನಮ್ಮಲ್ಲಿ 1897ರ ಜನರಲ್ ಕ್ಲಾಸಸ್ ಆಕ್ಟಿನ 13ನೆಯ ಪ್ರಕರಣದಲ್ಲಿಯೂ ನೆಲೆಗೊಂಡಿತು. ಶಾಸನ ತನ್ನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅದು. ಜನರ ಮಾತು ಮಾತ್ರ 'ದೇರ್' ಅನ್ನು ಎಂದೂ ಬಿಡಲಿಲ್ಲ. ಇತ್ತೀಚಿನ ಶೈಲಿಗ್ರಂಥಗಳು ಕೂಡ ಅದನ್ನು ಅಂಗೀಕರಿಸಿವೆ. ಮುದನಾಳದ ಹುಡುಗಿಯೊಬ್ಬಳು 'ಪ್ರತಿಯೊಬ್ಬರೂ ತಮ್ಮ ತಮ್ಮ ಪುಸ್ತಕ ತಂದರು' ಎಂಬ ಕನ್ನಡದ ರೀತಿಯನ್ನು ನೆನೆದು 'ದೇರ್' ಎಂದು ಗುರುತಿಸಿದರೆ, ಅವಳು ನಡೆದದ್ದು ಅಡ್ಡದಾರಿಯಲ್ಲ. ಆದರೆ ಅವಳ ಕೈಯಲ್ಲಿರುವ ಮಾರ್ಗದರ್ಶಿ 'ಹಿಸ್' ಎನ್ನುತ್ತದೆ.

ಇಷ್ಟನ್ನು ಓದಿದವರು, ಹಾಗಾದರೆ ಭಾಷೆಯಲ್ಲಿ ತಪ್ಪೆಂಬುದೇ ಇಲ್ಲ, ಎಲ್ಲವೂ ಕಾಲದ ಆಟವೆಂದು ನಾನು ಹೇಳುತ್ತಿರುವೆನೆಂದು ಭಾವಿಸಿಯಾರು. ಹಾಗಲ್ಲ. ಚರಿತ್ರೆಯನ್ನು ಓದಿದವರಿಗೆ ಈ ಬಗೆಯ ಉದಾಸೀನ ಸುಲಭವಾಗಿ ಅಂಟಿಕೊಳ್ಳುತ್ತದೆ. ಅದರಿಂದ ವಿದ್ಯಾರ್ಥಿಗೆ ಎಳ್ಳಷ್ಟೂ ಪ್ರಯೋಜನವಿಲ್ಲ. ಅರ್ಥವನ್ನೇ ಕೆಡಿಸುವ ತಪ್ಪುಗಳು ಯಾವ ಕಾಲದಲ್ಲಿಯೂ ತಪ್ಪುಗಳೇ. ಅವುಗಳನ್ನು ಹಿಡಿಯುವ ಶಕ್ತಿಯನ್ನು ಅಳೆಯುವಾಗ ಈ ಪ್ರಶ್ನೆ ಒಳ್ಳೆಯ ಪ್ರಶ್ನೆಯೆಂದೇ ಹೇಳಬೇಕು. ನನಗೆ ಅಚ್ಚರಿಯನ್ನುಂಟುಮಾಡಿದ ವಿಷಯವೆಂದರೆ, ಕನ್ನಡವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಈ ಶಕ್ತಿಯ ಬಹುಭಾಗ ಮೊದಲೇ ಕೈವಶವಾಗಿರುವುದು.

ಒಂದು ದಿನದ ಪ್ರಸಂಗವನ್ನು ಹೇಳುತ್ತೇನೆ. 'ಹ್ಯಾವಿಂಗ್ ಫಿನಿಶ್ಡ್ ದಿ ಮೀಲ್, ದಿ ಪ್ಲೇಟ್ಸ್ ವರ್ ವಾಷ್ಡ್' ಎಂಬ ವಾಕ್ಯವಿತ್ತು. ಏಳೆಂಟು ಮಂದಿಯಲ್ಲಿ ಇಬ್ಬರು ಹೊರತು ಎಲ್ಲರೂ ಇದು ಸರಿಯೆಂದರು. ಇದನ್ನೇ ಕನ್ನಡದಲ್ಲಿ, ಪದಕ್ಕೆ ಪದವಿಟ್ಟು, 'ಊಟ ಮುಗಿಸಿ ಗಂಗಾಳಗಳು ತೊಳೆಯಲ್ಪಟ್ಟವು' ಎಂದು ಹೇಳಿ ನೋಡಿರೆಂದೆ. ಒಬ್ಬ ಹುಡುಗ ಒಡನೆಯೇ ನಕ್ಕು, "ಗಂಗಾಳ ಉಣ್ತದೇನ್ರಿ ಸರ?" ಎಂದ. ಅವನ ನಗೆಯಲ್ಲಿಯೇ ಇಡೀ ಸೂತ್ರವಿದೆ. 'ಮುಗಿಸಿ', 'ಬಂದು', 'ನೋಡಿ' ಎಂಬ ಕೃದಂತಾವ್ಯಯಗಳ ಕರ್ತೃವೂ ಮುಖ್ಯ ಕ್ರಿಯಾಪದದ ಕರ್ತೃವೂ ಒಂದೇ ಆಗಿರಬೇಕೆಂಬುದು ಪಾಣಿನಿಯು ಸಂಸ್ಕೃತಕ್ಕೆ ಹೇಳಿದ ಮಾತು. ಕನ್ನಡಕ್ಕೂ ಬಹುಮಟ್ಟಿಗೆ ಸಲ್ಲುವ ಮಾತು. ಇಂಗ್ಲಿಷಿನ ವ್ಯಾಕರಣಗಳು ತೂಗಾಡುವ ವಿಶೇಷಣವೆಂದು ಅಧ್ಯಾಯಗಟ್ಟಲೆ ಬರೆಯುವ ದೋಷವನ್ನು ಈ ಹುಡುಗನ ಕಿವಿ ಅರೆಕ್ಷಣದಲ್ಲಿ ಹಿಡಿಯಿತು. ಇಲ್ಲೊಂದು ಎಚ್ಚರಿಕೆ ಬೇಕು. 'ಮಳೆ ಬಂದು ಕೆರೆ ತುಂಬಿತು' ಎಂಬಲ್ಲಿ ಕರ್ತೃಗಳು ಬೇರೆಬೇರೆ, ಆದರೂ ಕನ್ನಡ ಅದನ್ನು ಒಪ್ಪುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರುವುದೇ ಈ ಸಡಿಲಕ್ಕೆ ಕಾರಣ. ಇಂಗ್ಲಿಷಿನಲ್ಲಿ ಹೀಗೆ ಹೇಳಬೇಕಾದರೆ ಮಳೆಯನ್ನು ಬೇರೆಯಾಗಿ ಹೆಸರಿಸಿಯೇ ವಾಕ್ಯವನ್ನು ಕಟ್ಟಬೇಕು. ಈ ಒಂದು ಎಡೆಯನ್ನು ತೋರಿಸಿಕೊಟ್ಟರೆ ಉಳಿದುದನ್ನು ವಿದ್ಯಾರ್ಥಿ ತಾನೇ ನಿಭಾಯಿಸುತ್ತಾನೆ.

ಕರ್ತೃಕ್ರಿಯೆಗಳ ವಚನಸಾಮ್ಯವೂ ಹಾಗೆಯೇ. 'ದಿ ಹರ್ಡ್ ಆಫ್ ಬಫಲೋಸ್' ಎಂದ ಮೇಲೆ 'ಹ್ಯಾಸ್' ಬರಬೇಕೋ 'ಹ್ಯಾವ್' ಬರಬೇಕೋ ಎಂದು ತಡವರಿಸುವವರೇ ಹೆಚ್ಚು. ಅವರಲ್ಲಿ ಯಾರೂ ಕನ್ನಡದಲ್ಲಿ 'ಎಮ್ಮೆಗಳ ಹಿಂಡು ಬಂದವು' ಎನ್ನುವುದಿಲ್ಲ, 'ಬಂತು' ಎನ್ನುತ್ತಾರೆ. ಇದಕ್ಕೆ ಪದಕ್ರಮವೇ ಕಾರಣವೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ಷಷ್ಠಿಯ ಪದ ಮುಂದೆ ಬಂದು, ಮುಖ್ಯನಾಮವಾದ 'ಹಿಂಡು' ಕ್ರಿಯಾಪದದ ಪಕ್ಕದಲ್ಲಿಯೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಎಮ್ಮೆಗಳು ನಡುವೆ ನುಗ್ಗಿ ಕ್ರಿಯಾಪದಕ್ಕೆ ಒತ್ತಿ ನಿಲ್ಲುತ್ತವೆ. ಕಿವಿ ಆ ಬಹುವಚನಕ್ಕೆ ಮೋಸಹೋಗುತ್ತದೆ. ಪ್ರಶ್ನೆಯನ್ನು ಕಟ್ಟುವವರು ಬಹುವಾಗಿ ಬಳಸುವ ಬಲೆ ಇದೇ. ವಾಕ್ಯವನ್ನು ಮನಸ್ಸಿನಲ್ಲಿಯೇ ಕನ್ನಡದ ಕ್ರಮಕ್ಕೆ ತಿರುಗಿಸಿಕೊಂಡರೆ ಬಲೆ ಹರಿಯುತ್ತದೆ.

ಆದರೆ ಕನ್ನಡವೇ ದಾರಿ ತಪ್ಪಿಸುವ ಎಡೆಗಳೂ ಇವೆ. ಅವುಗಳನ್ನು ಮುಚ್ಚಿಡುವುದು ಸರಿಯಲ್ಲ. 'ಯಾದಗಿರಿಯ ಜನಸಂಖ್ಯೆ ಸುರಪುರಕ್ಕಿಂತ ಹೆಚ್ಚು' ಎಂಬುದು ನಮ್ಮ ಮಾತಿನಲ್ಲಿ ಯಾರ ಕಿವಿಗೂ ಚುಚ್ಚದು. ಇಂಗ್ಲಿಷಿನ ಪರೀಕ್ಷಕನು ಇಲ್ಲಿ ಜನಸಂಖ್ಯೆಯನ್ನು ಊರಿನೊಡನೆ ಹೋಲಿಸಿದಂತಾಯಿತೆಂದು ಆಕ್ಷೇಪಿಸಿ 'ದ್ಯಾಟ್ ಆಫ್' ಎಂಬುದನ್ನು ಕೇಳುತ್ತಾನೆ. ಅವನ ಆಕ್ಷೇಪದಲ್ಲಿ ಹುರುಳಿದೆ. 'ವಿಷಯದ ಬಗ್ಗೆ ಚರ್ಚಿಸಿದರು' ಎಂಬ ಅಭ್ಯಾಸದಿಂದ 'ಡಿಸ್ಕಸ್ಡ್ ಅಬೌಟ್' ಹುಟ್ಟುತ್ತದೆ. 'ಹತ್ತು ಮರ' ಎಂದು ಸಂಖ್ಯೆಯ ಮುಂದೆ ಏಕವಚನವನ್ನೇ ಇಡುವ ನಮ್ಮ ರೂಢಿ ಇಂಗ್ಲಿಷಿಗೆ ಒಗ್ಗದು. 'ಕಡಿಮೆ' ಎಂಬ ನಮ್ಮ ಒಂದೇ ಪದ ಎಣಿಕೆಗೂ ಅಳತೆಗೂ ಸಲ್ಲುವುದರಿಂದ ಬೇಕರನ ಅಭಿರುಚಿ ನಮಗೆ ಇಮ್ಮಡಿ ಕಷ್ಟವಾಗಿದೆ. ಇವನ್ನೆಲ್ಲ ಕಲಿಸಿಯೇ ತೀರಬೇಕು. ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ತೋರಿಸುವ ಒಂದು ಮಾರ್ಗದರ್ಶಿಯೂ ಮುದನಾಳದ ಆ ಪಡಸಾಲೆಯಲ್ಲಿ ನನಗೆ ಕಾಣಸಿಗಲಿಲ್ಲ. ಅಲ್ಲಿದ್ದವು ನೂರಾರು ವಾಕ್ಯಗಳು, ಪುಸ್ತಕದ ಕೊನೆಗೆ ಅಕ್ಷರಗಳ ಒಂದು ಪಟ್ಟಿ. ಅಷ್ಟೆ.

ತಪ್ಪುಬರಹವನ್ನು ಎದುರಿಸುವ ಬಗೆಯಲ್ಲಿ ನಮ್ಮ ಸೀಮೆಗೆ ಬಲು ಹಳೆಯ ಅನುಭವವುಂಟು. ಭೀಮಾತೀರದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು 1989ರಲ್ಲಿ ಬೆಳಕಿಗೆ ಬಂದುದನ್ನು ವಾಚಕರು ಬಲ್ಲರು. ಅದರಲ್ಲಿ 14ನೆಯ ಬಂಡೆಶಾಸನದ ಭಾಗವೂ ಸೇರಿದೆ. ಆ ಶಾಸನದ ಪಾಠ ಚೆನ್ನಾಗಿ ಉಳಿದುಬಂದ ಎಡೆಗಳಲ್ಲಿ ನೋಡಿದರೆ, ತನ್ನ ಬರಹಗಳು ಕೆಲವೆಡೆ ಸಂಕ್ಷೇಪವಾಗಿಯೂ ಕೆಲವೆಡೆ ವಿಸ್ತಾರವಾಗಿಯೂ ಇರುವುದನ್ನು ತಿಳಿಸಿ, ಎಲ್ಲಿಯಾದರೂ ಅಪೂರ್ಣವಾಗಿ ಬರೆದುದಿದ್ದರೆ ಅದಕ್ಕೆ ಸ್ಥಳವೋ ಲಿಪಿಕಾರನ ಪ್ರಮಾದವೋ ಕಾರಣವಾಗಿರಬಹುದೆಂದು ಚಕ್ರವರ್ತಿಯೇ ಒಪ್ಪಿಕೊಂಡಿದ್ದಾನೆ. ತಪ್ಪು ಇರಬಹುದೆಂದು ಹೇಳಿದ್ದಷ್ಟೇ ಅಲ್ಲ, ಅದು ಏಕೆ ಬಂದಿರಬಹುದೆಂಬುದನ್ನೂ ಹೇಳಿದ್ದಾನೆಂಬುದು ಇಲ್ಲಿ ಮುಖ್ಯ. ಒಂಬತ್ತನೆಯ ಶತಮಾನದಲ್ಲಿ ಮಳಖೇಡದ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವೂ ದೋಷವುಳ್ಳ ಪ್ರಯೋಗವನ್ನು ಮುಂದಿಟ್ಟು, ಅದನ್ನು ಹೇಗೆ ತಿದ್ದಿ ಹೇಳಬೇಕೆಂದು ತೋರಿಸುತ್ತದೆ. ಅಲ್ಲಿ ದೋಷಕ್ಕೆ ಹೆಸರಿದೆ, ಲಕ್ಷಣವಿದೆ, ಆಮೇಲೆ ತಿದ್ದಿದ ಪಾಠವಿದೆ. ವಾಕ್ಯಶೋಧನೆಯ ಪ್ರಶ್ನೆಗಳ ಅತ್ಯಂತ ಹಳೆಯ ಕನ್ನಡ ಪುಸ್ತಕವೆಂದು ಅದನ್ನು ಕರೆದರೆ ಅಲಂಕಾರಶಾಸ್ತ್ರಜ್ಞರು ಕೋಪಿಸಿಕೊಂಡಾರು; ಆದರೂ ಕಾರಣವನ್ನು ಬಿಟ್ಟುಕೊಡದ ಅದರ ಪದ್ಧತಿ ನಮ್ಮ ಇಂದಿನ ಮಾರ್ಗದರ್ಶಿಗಳಿಗಿಂತ ಮೇಲೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಶಾಸನಗಳನ್ನು ಸಂಪಾದಿಸುವವರು ಕಲ್ಲುಕುಟಿಗನ ತಪ್ಪನ್ನು ಅಳಿಸುವುದಿಲ್ಲ. ಇದ್ದುದನ್ನು ಇದ್ದಂತೆಯೇ ಅಚ್ಚುಮಾಡಿ, ಹೀಗೆ ಓದಬೇಕೆಂದು ಟಿಪ್ಪಣಿಯಲ್ಲಿ ಸೂಚಿಸುತ್ತಾರೆ. ಏಕೆಂದರೆ ತಪ್ಪಿಗೂ ಸಾಕ್ಷ್ಯದ ಬೆಲೆಯುಂಟು. ಹಳಗನ್ನಡದ ೞಕಾರ ಬಾಯಿಂದ ಮರೆಯಾದ ಕಾಲವನ್ನು ನಾವು ಊಹಿಸುವುದು, ಲಿಪಿಕಾರರು ಅದರ ಎಡೆಯಲ್ಲಿ ಳಕಾರವನ್ನೋ ರಕಾರವನ್ನೋ ಕೆತ್ತಿದ 'ತಪ್ಪು'ಗಳಿಂದಲೇ ಅಲ್ಲವೆ? ವಿದ್ಯಾರ್ಥಿ ಗುರುತಿಸಿದ ತಪ್ಪು ಉತ್ತರವೂ ಹಾಗೆಯೇ ಅವನು ಹೇಗೆ ಯೋಚಿಸಿದನೆಂಬುದಕ್ಕೆ ಸಾಕ್ಷಿ. 'ಡಿಸ್ಕಸ್ಡ್ ಅಬೌಟ್' ಎಂದು ಗುರುತಿಸಿದವನು ಕನ್ನಡದಿಂದ ಬಂದ. 'ಹ್ಯಾವ್' ಎಂದು ಗುರುತಿಸಿದವನು ಎಮ್ಮೆಗಳಿಗೆ ಮೋಸಹೋದ. 'ದೇರ್' ಎಂದವಳು ಮೋಸವನ್ನೇ ಹೋಗಿಲ್ಲ. ಮೂವರಿಗೂ ಕಡಿತ ಒಂದೇ.

ನಾಲ್ಕನೆಯ ಪಾಠವಾಗಿ 'ತಿದ್ದುವ ಅಗತ್ಯವಿಲ್ಲ' ಎಂಬುದನ್ನು ಇಡುವ ರೂಢಿಯನ್ನು ಕುರಿತು ಒಂದು ಮಾತು. ಅದನ್ನು ಆರಿಸಲು ಎಲ್ಲಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಅಡಿಗೆರೆ ಎಳೆದದ್ದೆಂದ ಮೇಲೆ ಏನೋ ತಪ್ಪಿರಲೇಬೇಕೆಂದು ಮನಸ್ಸು ಎಣಿಸುತ್ತದೆ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವರಿಗೆ ಈ ಧೈರ್ಯ ತಾನಾಗಿ ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳವರಿಗೆ ಹಾಗಲ್ಲ. ನಮ್ಮ ಈ ಸೀಮೆಯಲ್ಲಿ 1948ರವರೆಗೆ ನಿಜಾಮರ ಆಡಳಿತವಿದ್ದು, ಕಚೇರಿಯ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಮೈಸೂರು, ಮುಂಬಯಿ, ಮದರಾಸು ಪ್ರಾಂತಗಳ ಕನ್ನಡಿಗರ ಮನೆಗಳಿಗೆ ಇಂಗ್ಲಿಷ್ ಬಂದ ಬಾಗಿಲಿನಿಂದ ನಮ್ಮಲ್ಲಿಗೆ ಅದು ಬರಲಿಲ್ಲ. ತಡವಾಗಿ, ಬಹುಮಟ್ಟಿಗೆ ಪುಸ್ತಕದ ಮೂಲಕ ಬಂತು. ಪುಸ್ತಕದ ಮೂಲಕ ಬಂದ ಭಾಷೆಗೆ ಕಿವಿಯ ಆಸರೆಯಿಲ್ಲ, ಸೂತ್ರದ ಆಸರೆಯೊಂದೇ. ಆ ಸೂತ್ರವೂ ಕಾರಣವಿಲ್ಲದೆ ಬಂದರೆ ಉಳಿಯುವುದು ಅದೃಷ್ಟ.

ಸರಿಯಾದ ಪಾಠವನ್ನು ಕೇಳುವವರು ತಾವು ಅದನ್ನು ಕೊಡಬಲ್ಲರೇ ಎಂಬ ಪ್ರಶ್ನೆಯೂ ಏಳುತ್ತದೆ. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ಅರ್ಥವಾಗದಷ್ಟು ಕೆಟ್ಟಿದ್ದವೆಂಬ ದೂರು ಎದ್ದು, ಸರ್ಕಾರ ಮರುಪರೀಕ್ಷೆಗೆ ಸೂಚಿಸಿ, ಅದೇ ಡಿಸೆಂಬರ್ 29ರಂದು ಪರೀಕ್ಷೆ ಮತ್ತೆ ನಡೆಯಿತು. ಅಲ್ಲಿ ಅಭ್ಯರ್ಥಿಗಳೇ ಪ್ರಶ್ನೆಪತ್ರಿಕೆಯ ವಾಕ್ಯಗಳನ್ನು ತಿದ್ದಿಕೊಂಡು ಓದಬೇಕಾಯಿತು, ಅದಕ್ಕೆ ಅಂಕವಿರಲಿಲ್ಲ. ಇನ್ನೊಂದೆಡೆ, ಈ ಬಗೆಯ ಪ್ರಶ್ನೆಗೆ ಜಗತ್ತಿನಾದ್ಯಂತ ಹೆಸರು ತಂದ ಅಮೆರಿಕದ ಜಿಮ್ಯಾಟ್ ಪರೀಕ್ಷೆ, 2023ರಲ್ಲಿ ರೂಪ ಬದಲಿಸಿಕೊಂಡಾಗ ವಾಕ್ಯಶೋಧನೆಯ ಪ್ರಶ್ನೆಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ನಾವೂ ಬಿಡಬೇಕೆಂದು ನಾನು ಹೇಳಲಾರೆ. ಬಿಟ್ಟರೆ ಅದರ ಎಡೆಯಲ್ಲಿ ಪದಗಳ ಕಂಠಪಾಠ ಹೆಚ್ಚೀತು. ಅದು ಇದಕ್ಕಿಂತ ಕೀಳು. ಗಂಗಾಳ ಉಣ್ಣುವುದಿಲ್ಲವೆಂದು ಹಿಡಿಯುವ ಪ್ರಶ್ನೆಗಳು ಉಳಿಯಲಿ. ಇಂಗ್ಲಿಷಿನ ವಿದ್ವಾಂಸರಲ್ಲಿಯೇ ಒಮ್ಮತವಿಲ್ಲದ 'ಹಿಸ್', 'ದೇರ್'ಗಳಂಥವು ಪ್ರಶ್ನೆಪತ್ರಿಕೆಯಿಂದ ಹೊರಗೆ ಹೋಗಲಿ. ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವ ಪದ್ಧತಿ ಈಗ ಇದೆ. ಪ್ರತಿಯೊಂದು ಅಕ್ಷರದ ಮುಂದೆ ಒಂದು ಸಾಲಿನ ಕಾರಣವನ್ನೂ ಪ್ರಕಟಿಸುವುದು ಅಸಾಧ್ಯವೇನಲ್ಲ. ಕಾರಣವನ್ನು ಬರೆಯಲು ಕುಳಿತಾಗ, ಕಾರಣವಿಲ್ಲದ ಪ್ರಶ್ನೆಗಳು ಯಾವುವೆಂದು ಪ್ರಶ್ನೆ ಕಟ್ಟಿದವರಿಗೇ ತಿಳಿದೀತು.

ಕೊನೆಯದಾಗಿ ಒಂದು ಸಂಗತಿ. ಆ ಗುಂಪಿನ ಹುಡುಗಿಯೊಬ್ಬಳು ಕಳೆದ ಸಲ ಒಂದು ನೇಮಕಾತಿ ಪರೀಕ್ಷೆ ಬರೆದು ಬಂದ ಮರುವಾರ ನನ್ನ ಮುಂದೆ ಒಂದು ವಾಕ್ಯವನ್ನಿಟ್ಟಳು. ಹಳ್ಳಿಯಿಂದ ಹೊಳೆಗೆ 'ಲೆಸ್ ದ್ಯಾನ್ ಟೆನ್ ಮೈಲ್ಸ್' ಎಂದಿತ್ತು; ಅಡಿಗೆರೆ 'ಲೆಸ್' ಎಂಬುದರ ಕೆಳಗೆ. ಅವಳು ಮೊದಲು 'ತಿದ್ದುವ ಅಗತ್ಯವಿಲ್ಲ' ಎಂದೇ ಎಣಿಸಿದ್ದಳಂತೆ. ಆಮೇಲೆ ಮಾರ್ಗದರ್ಶಿಯ ಸೂತ್ರ ನೆನಪಾಯಿತು: ಹತ್ತು ಎಂದರೆ ಎಣಿಕೆ, ಎಣಿಕೆಗೆ 'ಫ್ಯೂಯರ್'. ಹಾಗೆಯೇ ಗುರುತಿಸಿಬಂದಳು. ಹತ್ತು ಮೈಲಿಯೆಂಬುದು ಅಲ್ಲಿ ಹತ್ತು ಬಿಡಿ ವಸ್ತುಗಳಲ್ಲ, ಒಂದು ದೂರದ ಅಳತೆ. ಆದುದರಿಂದ ಆ ಸೂತ್ರವನ್ನು ಅತಿ ಕಟ್ಟುನಿಟ್ಟಾಗಿ ಪಾಲಿಸುವವರು ಕೂಡ ಅಲ್ಲಿ 'ಲೆಸ್' ಎಂದೇ ಬರೆಯುತ್ತಾರೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಅನಿಸಿದ್ದ ಖರೆ ಇತ್ತಲ್ರಿ ಸರ, ಅದನ್ನ ಬಿಟ್ಟೆ" ಎಂದಳು. ಪಟ್ಟಿ ಬಂದಾಗ ಅವಳಿಗೆ ಕಡಿಮೆಯಾಗಿದ್ದುದು ಒಂದೂವರೆ ಅಂಕ. ಈಗ ಮತ್ತೆ ಅರ್ಜಿ ಹಾಕಿದ್ದಾಳೆ. ಮಾರ್ಗದರ್ಶಿಯ ಅಂಚಿನಲ್ಲಿ ಪ್ರತಿ ಉತ್ತರದ ಮುಂದೆಯೂ ಪೆನ್ಸಿಲಿನಿಂದ 'ಯಾಕ?' ಎಂದು ಬರೆದುಕೊಂಡು, ಭಾನುವಾರ ತರುತ್ತಾಳೆ.